ಮಾಸು ಬೇರೂರುವ ಬಗೆ

ಹೆರಿಗೆಯಾದ ಮೇಲೆ ನರ್ಸ್ ಮಾಸನ್ನು ತಟ್ಟೆಗೆ ಹಾಕಿ, ಚೂರೇನಾದರೂ ಒಳಗೆ ಉಳಿದಿದೆಯೇ ಎಂದು ಮಗುಚಿ ನೋಡುತ್ತಾರೆ. ಸುಮಾರು ಅರ್ಧ ಕಿಲೋ ತೂಕ, 20–22 ಸೆಂ.ಮೀ. ಅಗಲ. ಗರ್ಭಕೋಶಕ್ಕೆ ಕಚ್ಚಿಕೊಂಡಿದ್ದ ಬದಿ ಕಡುಗೆಂಪು, ಹೋಳುಹೋಳು. ಮಗುವಿನ ಬದಿ ನುಣುಪು. ಹೊಕ್ಕುಳಬಳ್ಳಿಯಿಂದ ಕವಲೊಡೆದ ರಕ್ತನಾಳಗಳು ಅದರ ಮೇಲೆ ಎದ್ದು ಕಾಣುತ್ತವೆ. ಇದು ತಾಯಿಯ ಅಂಗವೆಂದೇ ಬಹಳ ಜನರ ಎಣಿಕೆ. ನಿಜಕ್ಕೂ ಇದರ ಬಹುಪಾಲು ಭ್ರೂಣದ ಕಡೆಯಿಂದಲೇ ಬೆಳೆದದ್ದು.

ಅಂಡಾಣು ಫಲಿತವಾದ ಆರೇಳು ದಿನಕ್ಕೆ ಭ್ರೂಣ ಪುಟ್ಟ ಪೊಳ್ಳುಗುಂಡಿನ ರೂಪದಲ್ಲಿ ಗರ್ಭಕೋಶದ ಒಳಪದರಕ್ಕೆ ಅಂಟುತ್ತದೆ. ಅದರ ಹೊರಮೈಯ ಜೀವಕೋಶಗಳು ನಡುವಿನ ಗೋಡೆ ಕಳಚಿಕೊಂಡು ಒಂದೇ ಪದರವಾಗಿ ಬೆರೆತು, ತಾಯಿಯ ಅಂಗಾಂಶವನ್ನು ಕರಗಿಸುತ್ತ ಒಳಗಿಳಿಯುತ್ತವೆ. ಈ ಬೆಸುಗೆಗೆ ಬೇಕಾದ ಸಿನ್ಸಿಟಿನ್ ಎಂಬ ಪ್ರೋಟೀನಿನ ಜೀನ್, ಕೋಟ್ಯಂತರ ವರ್ಷಗಳ ಹಿಂದೆ ನಮ್ಮ ಪೂರ್ವಜ ಪ್ರಾಣಿಗಳಿಗೆ ತಗುಲಿದ ವೈರಸ್ಸೊಂದರದು! 2000ರಲ್ಲಿ ಇದು ಬೆಳಕಿಗೆ ಬಂತು. ಗರ್ಭಪರೀಕ್ಷೆಯ ಪಟ್ಟಿಯ ಮೇಲೆ ಎರಡನೇ ಗೆರೆ ಮೂಡಿಸುವ ಎಚ್‌ಸಿಜಿ ಹಾರ್ಮೋನು ಒಸರುವುದೂ ಈ ಪದರದಿಂದಲೇ. ಹನ್ನೆರಡನೇ ದಿನದ ಹೊತ್ತಿಗೆ ಭ್ರೂಣ ಪೂರ್ತಿ ಹುದುಗಿರುತ್ತದೆ.

ಇಷ್ಟಾದ ಮೇಲೆ ತಾಯಿಯ ರಕ್ತ ನುಗ್ಗಿ ಬರಬೇಕಲ್ಲವೇ? ಇಲ್ಲ. ಕೆರೆಯ ತೂಬಿಗೆ ಬಿರಡೆ ಹಾಕಿದ ಹಾಗೆ, ಮಾಸಿನ ಕೋಶಗಳೇ ಗರ್ಭಕೋಶದ ಸುರುಳಿ ಅಪಧಮನಿಗಳ ಬಾಯಿಗೆ ಗುಂಪುಗೂಡಿ ಅಡ್ಡ ನಿಲ್ಲುತ್ತವೆ. ಮೊದಲ ಹತ್ತು ವಾರ ಭ್ರೂಣಕ್ಕೆ ಮುಖ್ಯ ಆಹಾರ ಗರ್ಭಕೋಶದ ಗ್ರಂಥಿಗಳ ಸ್ರಾವ. ಅಂಗಾಂಗಗಳು ರೂಪುಗೊಳ್ಳುವ ಆ ಎಳೆತನದಲ್ಲಿ ಹೆಚ್ಚು ಆಮ್ಲಜನಕ ಹಾನಿಕರ. ಅದಕ್ಕೇ ಈ ತಡೆ ಎಂಬುದು ವಿಜ್ಞಾನಿಗಳ ವಿವರಣೆ. ನನಗೆ ಈ ಇಡೀ ಕತೆಯಲ್ಲಿ ಅತ್ಯಂತ ಜಾಣತನದ ಭಾಗ ಇದೇ.

ಹತ್ತು ಹನ್ನೆರಡು ವಾರಕ್ಕೆ ಬಿರಡೆ ಸಡಿಲವಾಗುತ್ತದೆ. ಅದೇ ಕೋಶಗಳು ಅಪಧಮನಿಗಳ ಗೋಡೆಯ ಸ್ನಾಯುವನ್ನೂ ತೆಗೆದುಹಾಕಿ, ಅವನ್ನು ಸಂಕುಚಿಸಲಾಗದ ಅಗಲ ಕೊಳವೆಗಳಾಗಿ ಮಾಡುತ್ತವೆ. ರಕ್ತ ರಭಸ ಕಳೆದುಕೊಂಡು ಮಾಸಿನ ಎಳೆಗಳ ಸುತ್ತ ನಿಧಾನ ತುಂಬುತ್ತದೆ. ದಿನ ತುಂಬುವ ಹೊತ್ತಿಗೆ ನಿಮಿಷಕ್ಕೆ ಅರ್ಧ ಲೀಟರಿಗೂ ಮಿಕ್ಕಿ ಹರಿಯುತ್ತದೆ. ಆದರೂ ತಾಯಿ ರಕ್ತ, ಮಗುವಿನ ರಕ್ತ ಬೇರೆ ಬೇರೆಯೇ. ನಡುವಿನ ತೆಳುಪದರದ ಮೂಲಕವೇ ಕೊಡುಕೊಳ್ಳುವಿಕೆ.

ಈ ಅಗಲೀಕರಣ ಅರೆಬರೆಯಾದರೆ ಗರ್ಭಿಣಿಯ ಬಿ.ಪಿ. ಏರಿಸುವ ಪ್ರಿ-ಎಕ್ಲಾಂಪ್ಸಿಯಾ ಎಂಬ ತೊಂದರೆಯ ಅಪಾಯ ಹೆಚ್ಚು. ಬಿ.ಪಿ. ಏರುವುದು ಐದು ತಿಂಗಳಾದ ಮೇಲೆ, ಆದರೆ ಎಡವಟ್ಟು ಶುರುವಾಗುವುದು ಬಹಳ ಮೊದಲೇ. ಹಾಗಾಗಿಯೇ ಅಪಾಯ ಹೆಚ್ಚಿರುವ ಗರ್ಭಿಣಿಯರಿಗೆ ವೈದ್ಯರು ಕಡಿಮೆ ಪ್ರಮಾಣದ ಆಸ್ಪಿರಿನ್ನನ್ನು 16 ವಾರ ತುಂಬುವ ಮೊದಲೇ ಶುರುಮಾಡಲು ನೋಡುತ್ತಾರೆ.