ರೈತನ ಹೆಸರಿನಲ್ಲಿ ಎದ್ದ ಗೋಡೆ

1930ರ ಜೂನ್ 17ರಂದು ಅಮೆರಿಕದ ಅಧ್ಯಕ್ಷ ಹರ್ಬರ್ಟ್ ಹೂವರ್ ಸಹಿ ಹಾಕಿದ ಸ್ಮೂಟ್-ಹಾಲಿ ಸುಂಕ ಕಾಯ್ದೆಯನ್ನು ಒಂದು ಡಜನ್ ಮೊಟ್ಟೆಯಿಂದಲೇ ಅರ್ಥಮಾಡಿಕೊಳ್ಳಬಹುದು. ಹೊರಗಿನಿಂದ ಬರುವ ಮೊಟ್ಟೆಯ ಮೇಲೆ ಡಜನ್ನಿಗೆ 8 ಸೆಂಟ್ ಇದ್ದ ಸುಂಕವನ್ನು ಅದು 10 ಸೆಂಟಿಗೆ ಏರಿಸಿತು. ಪಕ್ಕದ ಕೆನಡಾ ಸುಮ್ಮನಿರಲಿಲ್ಲ. ತನ್ನ 3 ಸೆಂಟ್ ಸುಂಕವನ್ನು ಅದೂ 10 ಸೆಂಟಿಗೆ ಒಯ್ದಿತು. 1929ರಲ್ಲಿ ಸುಮಾರು 9 ಲಕ್ಷ ಡಜನ್ ಮೊಟ್ಟೆಯನ್ನು ಕೆನಡಾಕ್ಕೆ ಮಾರಿದ್ದ ಅಮೆರಿಕದ ರೈತರು 1932ರಲ್ಲಿ ಮಾರಿದ್ದು ಸುಮಾರು 14 ಸಾವಿರ ಡಜನ್. ರೈತನನ್ನು ಕಾಯುವುದಕ್ಕೆಂದು ಎಬ್ಬಿಸಿದ ಗೋಡೆ ರೈತನ ಸಂತೆಯನ್ನೇ ಮುಚ್ಚಿಸಿತು. ಇದನ್ನು ಬರಿಯ ದುರದೃಷ್ಟ ಎನ್ನಲಾಗದು. ಆ ಕಾಯ್ದೆ ಹುಟ್ಟಿದ ರೀತಿಯಲ್ಲೇ ಈ ಫಲದ ಬೀಜವಿತ್ತು.

ಮೊದಲ ಮಹಾಯುದ್ಧ ಮುಗಿದ ಮೇಲೆ ಅಮೆರಿಕದಲ್ಲಿ ಬೆಳೆಗಳ ಬೆಲೆ ಕುಸಿದಿತ್ತು. ಉಳಿದ ದೇಶ ಏಳಿಗೆ ಕಾಣುತ್ತಿದ್ದಾಗ ರೈತ ಸಾಲದಲ್ಲಿ ಮುಳುಗಿದ್ದ. 1928ರ ಚುನಾವಣೆಯಲ್ಲಿ ಹೂವರ್ ಅವನಿಗೆ ಕೊಟ್ಟ ಭರವಸೆಗಳಲ್ಲಿ ಸುಂಕದ ರಕ್ಷಣೆಯೂ ಒಂದು. ಆದರೆ ಅಲ್ಲಿನ ಹತ್ತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಪರದೇಶಕ್ಕೆ ಹೋಗುತ್ತಿತ್ತು, ಗೋಧಿಯೂ ಹಡಗು ಹತ್ತುತ್ತಿತ್ತು. ಆಮದೇ ಆಗದ ಬೆಳೆಗೆ ಎಷ್ಟು ಸುಂಕ ಹಾಕಿದರೇನು? ಮಸೂದೆ ಕಾಂಗ್ರೆಸ್ಸಿನ ಮುಂದೆ ಬಂದದ್ದೇ ತಡ, ಕಾರ್ಖಾನೆಯವರೂ ಗಣಿಯವರೂ ಸಾಲಾಗಿ ಬಂದು ನಿಂತರು. ನಿನ್ನ ಊರಿನ ಸರಕಿಗೆ ನಾನು ಮತ ಹಾಕುತ್ತೇನೆ, ನನ್ನ ಊರಿನದಕ್ಕೆ ನೀನು ಹಾಕು ಎಂಬ ಕೊಡುಕೊಳೆ ನಡೆಯಿತು. ಕೊನೆಗೆ ನೂರಾರು ವಸ್ತುಗಳ ಸುಂಕ ಏರಿ, ಸೆನೆಟ್‌ನಲ್ಲಿ 44-42ರ ಕೂದಲೆಳೆ ಬಹುಮತದಿಂದ ಮಸೂದೆ ಪಾಸಾಯಿತು. ಸಹಿ ಹಾಕಬೇಡಿ ಎಂದು 1,028 ಅರ್ಥಶಾಸ್ತ್ರಜ್ಞರು ಬರೆದ ಮನವಿ ಫಲ ಕೊಡಲಿಲ್ಲ. ಹೆಚ್ಚು ಜನರ ಗಮನಕ್ಕೆ ಬಾರದ ಇನ್ನೊಂದು ಸಂಗತಿಯೂ ಇದೆ. ಅನೇಕ ಸುಂಕಗಳು ಬೆಲೆಯ ಶೇಕಡಾ ಲೆಕ್ಕದಲ್ಲಿರಲಿಲ್ಲ, ಪೌಂಡಿಗೆ ಇಷ್ಟು, ಡಜನ್ನಿಗೆ ಇಷ್ಟು ಎಂದು ಗೊತ್ತುಮಾಡಿದ್ದವು. 30 ಸೆಂಟಿನ ಸರಕಿಗೆ 10 ಸೆಂಟ್ ಸುಂಕವೆಂದರೆ ಮೂರರಲ್ಲೊಂದು ಪಾಲು. ಅದೇ ಸರಕಿನ ಬೆಲೆ 15 ಸೆಂಟಿಗೆ ಇಳಿದರೆ ಮೂರರಲ್ಲಿ ಎರಡು ಪಾಲು. ಬೆಲೆಗಳು ಬಿದ್ದಂತೆಲ್ಲ, ಯಾರೂ ಮತ ಹಾಕದೆಯೇ, ಗೋಡೆ ತಾನಾಗಿ ಎತ್ತರವಾಗುತ್ತಾ ಹೋಯಿತು.

ಆರ್ಥಿಕ ಮಹಾಕುಸಿತಕ್ಕೆ ಈ ಕಾಯ್ದೆ ಕಾರಣವಲ್ಲ ಎಂಬ ಆಕ್ಷೇಪವಿದೆ, ಅದು ಸರಿಯಾದದ್ದೇ. ಷೇರುಪೇಟೆ ಕುಸಿದದ್ದು 1929ರ ಅಕ್ಟೋಬರಿನಲ್ಲಿ. ಬ್ಯಾಂಕುಗಳ ದಿವಾಳಿ, ಚಿನ್ನಕ್ಕೆ ಕಟ್ಟಿಹಾಕಿದ ಹಣದ ಬಿಗಿ, ಇವು ಮಾಡಿದ ಹಾನಿ ಸುಂಕಕ್ಕಿಂತ ಬಹಳ ದೊಡ್ಡದು. ಅಮೆರಿಕದ ರಫ್ತು 1929ರ ಸುಮಾರು 520 ಕೋಟಿ ಡಾಲರಿನಿಂದ 1932ಕ್ಕೆ ಸುಮಾರು 160 ಕೋಟಿಗೆ ಇಳಿದದ್ದನ್ನು ಪೂರ್ತಿಯಾಗಿ ಸುಂಕದ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೆ ಕಾಯಿಲೆ ತಂದದ್ದು ಬೇರೆ, ಗುಣವಾಗಲು ಬಿಡದಿರುವುದು ಬೇರೆ. ಕೊಳ್ಳುವವರು ಅತಿ ಬೇಕಾಗಿದ್ದ ಹೊತ್ತಿನಲ್ಲೇ ಬಾಗಿಲು ಮುಚ್ಚಿದ್ದರಿಂದ ಕೆನಡಾ, ಸ್ಪೇನ್, ಇಟಲಿಗಳು ತಿರುಗೇಟು ಕೊಟ್ಟವು. ದಶಕಗಳ ಕಾಲ ಮುಕ್ತ ವ್ಯಾಪಾರವನ್ನು ನೆಚ್ಚಿದ್ದ ಬ್ರಿಟನ್ ಕೂಡ 1932ರ ಒಟ್ಟಾವಾ ಒಪ್ಪಂದಗಳಲ್ಲಿ ತನ್ನ ಸಾಮ್ರಾಜ್ಯದ ಸುತ್ತ ಬೇಲಿ ಹಾಕಿಕೊಂಡಿತು.

ವ್ಯಾಪಾರದಲ್ಲಿ ಬಾಗಿಲು ಮುಚ್ಚಿದ ಮನಸ್ಸೇ ವಿದೇಶಾಂಗ ನೀತಿಯಲ್ಲೂ ಕೆಲಸ ಮಾಡಿತು. ಯುದ್ಧಕಾಲದ ಸಾಲವನ್ನು ಯುರೋಪು ಡಾಲರಿನಲ್ಲಿ ತೀರಿಸಬೇಕು ಎಂದು ಅಮೆರಿಕ ಪಟ್ಟು ಹಿಡಿದಿತ್ತು. ಡಾಲರು ಗಳಿಸಲು ಯುರೋಪಿಗಿದ್ದ ದಾರಿಯೆಂದರೆ ಅಮೆರಿಕಕ್ಕೆ ಸರಕು ಮಾರುವುದು, ಅದಕ್ಕೇ ಸುಂಕ ಅಡ್ಡ ಬಂತು. ಕಂತು ನಿಂತಾಗ, ಬಾಕಿದಾರ ದೇಶಗಳಿಗೆ ಹೊಸ ಸಾಲ ಕೊಡಬಾರದೆಂದು 1934ರಲ್ಲಿ ಜಾನ್ಸನ್ ಕಾಯ್ದೆ ಬಂತು. 1935ರ ಆಗಸ್ಟಿನ ತಟಸ್ಥತೆ ಕಾಯ್ದೆ ಯುದ್ಧದಲ್ಲಿರುವ ಯಾರಿಗೂ ಶಸ್ತ್ರ ಮಾರಬಾರದು ಎಂದಿತು. ಅಕ್ಟೋಬರಿನಲ್ಲಿ ಮುಸೊಲಿನಿಯ ಇಟಲಿ ಇಥಿಯೋಪಿಯದ ಮೇಲೆ ಬಿತ್ತು. ಇಟಲಿಗೆ ತನ್ನದೇ ಶಸ್ತ್ರ ಕಾರ್ಖಾನೆಗಳಿದ್ದವು, ಇಥಿಯೋಪಿಯಕ್ಕೆ ಇರಲಿಲ್ಲ. ಪೆಟ್ರೋಲಿಯಂ ನಿಷೇಧದ ಪಟ್ಟಿಯಲ್ಲಿ ಇರಲಿಲ್ಲವಾದ್ದರಿಂದ ಅಮೆರಿಕದ ಎಣ್ಣೆ ಇಟಲಿಗೆ ಹೋಗುತ್ತಲೇ ಇತ್ತು. ಯಾರ ಪಕ್ಷವೂ ಬೇಡ ಎಂದ ನೀತಿ ಬಲಿಷ್ಠನ ಪಕ್ಷವಾಯಿತು. ಒಂದು ಮಹಾಯುದ್ಧದಲ್ಲಿ ಲಕ್ಷಕ್ಕೂ ಹೆಚ್ಚು ಮಕ್ಕಳನ್ನು ಕಳೆದುಕೊಂಡಿದ್ದ ಜನರ ಭಯ ನಿಜವಾದದ್ದು, ಅದನ್ನು ಹೀಗಳೆಯಲಾರೆ. ಆ ಭಯಕ್ಕೆ ಸಿಕ್ಕ ಉತ್ತರ ಮಾತ್ರ ತಪ್ಪಾಗಿತ್ತು.

ಹಾಗಾದರೆ ರಕ್ಷಣೆಯೇ ಕೂಡದೆ? ಎಳೆಯ ಉದ್ಯಮಕ್ಕೆ ಆಸರೆ ಬೇಕೆಂಬ ವಾದ ಹಗುರವಾದದ್ದಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಅಮೆರಿಕದ ಕಾರ್ಖಾನೆಗಳು ಬೆಳೆದದ್ದು ಎತ್ತರದ ಸುಂಕದ ನೆರಳಿನಲ್ಲೇ. ಇದೇ ಕುಸಿತದ ವರ್ಷಗಳಲ್ಲಿ ಚೀನಾ, ಜಪಾನ್‌ಗಳ ಅಗ್ಗದ ರೇಷ್ಮೆ ಭಾರತಕ್ಕೆ ಹರಿದು ಮೈಸೂರು ಸೀಮೆಯ ಹಿಪ್ಪುನೇರಳೆ ಬೆಳೆಗಾರರು ಕಂಗೆಟ್ಟಾಗ, ಭಾರತದ ಸುಂಕ ಮಂಡಳಿ 1933ರಲ್ಲಿ ವಿಚಾರಣೆ ನಡೆಸಿತು, ಮರುವರ್ಷ ರೇಷ್ಮೆಗೆ ರಕ್ಷಣಾ ಸುಂಕ ಬಂತು. ಅಲ್ಲಿ ಕಷ್ಟ ಇಂಥದ್ದು, ಪಡುವವರು ಇಂಥವರು ಎಂಬುದು ಸ್ಪಷ್ಟವಿತ್ತು. ಆಮದಾಗುವ ಸರಕಿಗೇ ಸುಂಕ ಬಿತ್ತು. ಸ್ಮೂಟ್-ಹಾಲಿಯಲ್ಲಿ ಕಷ್ಟ ಒಬ್ಬನದು, ಆಸರೆ ಸಿಕ್ಕಿದ್ದು ಬಾಗಿಲಿಗೆ ಬಂದವರಿಗೆಲ್ಲ.

1932ರಲ್ಲಿ ಸೆನೆಟರ್ ರೀಡ್ ಸ್ಮೂಟ್ ಚುನಾವಣೆಯಲ್ಲಿ ಸೋತರು. ವಿಲ್ಲಿಸ್ ಹಾಲಿಯವರಿಗೆ ಸ್ವಂತ ಪಕ್ಷದ ಟಿಕೆಟ್ಟೇ ತಪ್ಪಿತು. 1934ರಲ್ಲಿ ವಿದೇಶಾಂಗ ಕಾರ್ಯದರ್ಶಿ ಕಾರ್ಡೆಲ್ ಹಲ್ ಅವರ ಒತ್ತಾಸೆಯಿಂದ, ಇನ್ನೊಂದು ದೇಶ ತನ್ನ ಸುಂಕ ತಗ್ಗಿಸಿದರೆ ಅಮೆರಿಕದ ಸುಂಕವನ್ನು ಅರ್ಧದವರೆಗೆ ಇಳಿಸುವ ಅಧಿಕಾರವನ್ನು ಕಾಂಗ್ರೆಸ್ ಅಧ್ಯಕ್ಷರಿಗೆ ಬಿಟ್ಟುಕೊಟ್ಟಿತು. ಮರುವರ್ಷದ ನವೆಂಬರಿನಲ್ಲಿ ಅಂಥದೊಂದು ಒಪ್ಪಂದಕ್ಕೆ ಸಹಿ ಬಿದ್ದದ್ದು ಕೆನಡಾದೊಂದಿಗೆ.