ಅಧ್ಯಾಯ 5: ತಿಳಿನೀರು ಕೆಂಪಾಗುವ ಹೊತ್ತು

ಬೋರಿನ ನೀರಿಗೆ ಯಂತ್ರ ಕೂಡಿಸಿಕೊಂಡ ಮನೆಗಳ ದೂರುಗಳನ್ನು ಸೋಸಿದರೆ ಎರಡು ಉಳಿಯುತ್ತವೆ. ಒಂದು: “ಸಾಫ್ಟನರ್ ಹಾಕಿಸಿದ್ರೂ ಬ್ಯಾಳಿ ಬೇಯವಲ್ದು, ಸಾಬಾಣ ನೊರಿ ಬಿಡವಲ್ದು.” ಇನ್ನೊಂದು: “ಫಿಲ್ಟರಿನಿಂದ ಬರೋ ಮುಂದ ನೀರು ತಿಳಿ ಇರತೈತ್ರಿ, ತಾಸು ಬಿಟ್ಟು ನೋಡಿದ್ರ ಕೊಡದ ತಳದಾಗ ಕೆಂಪು ರಾಡಿ.” ಹಾನಗಲ್ಲಿನ ಅರೆಮಲೆನಾಡಾಗಲಿ, ಸವಣೂರಿನ ಎರೆಸೀಮೆಯಾಗಲಿ, ಮಾತು ಇದೇ.

ಮೊದಲನೆಯದಕ್ಕೆ ಕಾರಣ ಗಡಸುತನ, ಅಂದರೆ ನೀರಿನಲ್ಲಿ ಕರಗಿದ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಇದು ಲೀಟರಿಗೆ 200 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು; ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ನಡೆಯುತ್ತದೆ. ಎರಡನೆಯದಕ್ಕೆ ಕಾರಣ ಕಬ್ಬಿಣ. ಲೀಟರಿಗೆ 0.3 ಮಿಲಿಗ್ರಾಂ ದಾಟಿತೆಂದರೆ ಬಿಳಿ ಬಟ್ಟೆಗೂ ಪಿಂಗಾಣಿಗೂ ಕಲೆ ಬೀಳತೊಡಗುತ್ತದೆ. ವ್ಯಾಖ್ಯೆ ಇಷ್ಟು ಸಾಕು. ಜನ ಎಡವುವುದು ಇಲ್ಲಲ್ಲ.

ಎಡವುವುದು ‘ಫಿಲ್ಟರ್ ಅಂದಮೇಲೆ ಕಬ್ಬಿಣ ಹಿಡಿಯಲೇಬೇಕು’ ಎಂಬ ನಂಬಿಕೆಯಲ್ಲಿ. ಫಿಲ್ಟರಿನೊಳಗಿನ ಮರಳು ಕಣವನ್ನು ಹಿಡಿಯುತ್ತದೆ, ಕರಗಿದ್ದನ್ನು ಹಿಡಿಯುವುದಿಲ್ಲ. ಬೋರಿನ ಕಬ್ಬಿಣ ಬಹುಮಟ್ಟಿಗೆ ಕರಗಿಯೇ ಬರುತ್ತದೆ. ಮಳೆನೀರು ಮಣ್ಣಿನಲ್ಲಿ ಇಳಿಯುವಾಗ ಅಲ್ಲಿನ ಸೂಕ್ಷ್ಮಜೀವಿಗಳು ಅದರ ಆಮ್ಲಜನಕವನ್ನು ಉಂಡು ಇಂಗಾಲದ ಡೈಆಕ್ಸೈಡ್ ಬಿಡುತ್ತವೆ. ಉಸಿರು ಕಳೆದುಕೊಂಡು ತುಸು ಹುಳಿಯಾದ ಆ ನೀರು ಕೆಳಗಿನ ಧಾರವಾಡ ಶಿಲೆಗಳ ಬಿರುಕುಗಳಲ್ಲಿ ಕೂತು ಕಲ್ಲಿನೊಳಗಿನ ಕಬ್ಬಿಣವನ್ನು ಕರಗಿಸಿಕೊಳ್ಳುತ್ತದೆ. ಈ ರೂಪದ ಕಬ್ಬಿಣಕ್ಕೆ ಫೆರಸ್ ಎಂದು ಹೆಸರು, ಕಣ್ಣಿಗೆ ಕಾಣದು. ಮೇಲೆ ಬಂದು ಗಾಳಿ ಸೋಕಿದ ಮೇಲೆ ಅದು ಫೆರಿಕ್ ಆಗಿ, ಕೆಂಪು ಕಣವಾಗಿ ತಳಕ್ಕೆ ಇಳಿಯುತ್ತದೆ. ಮದಗ ಮಾಸೂರಿನಂಥ ಕೆರೆಯ ನೀರು ಬಯಲಲ್ಲೇ ಗಾಳಿ ಉಂಡಿರುವುದರಿಂದ ಈ ಕಾಟ ಅದಕ್ಕೆ ಕಡಿಮೆ.

ಹಾಗಾದರೆ ಗಾಳಿ ಸೋಕಿದ ತಕ್ಷಣ ಏಕೆ ಕೆಂಪಾಗುವುದಿಲ್ಲ? ನನಗೆ ಬಹಳ ಪ್ರೀತಿಯ ಪ್ರಶ್ನೆ ಇದು. 1961ರಲ್ಲಿ ವೆರ್ನರ್ ಸ್ಟಮ್ ಮತ್ತು ಫ್ರೆಡ್ ಲೀ ಎಂಬ ರಸಾಯನ ವಿಜ್ಞಾನಿಗಳು ಇದರ ವೇಗವನ್ನು ಅಳೆದು ತೋರಿಸಿದರು. ನೀರಿನ ಪಿಎಚ್ (ಹುಳಿ ಕಡಿಮೆಯಾದಷ್ಟೂ ಏರುವ ಅಂಕಿ) ಒಂದಂಕಿ ಏರಿದರೆ ಕೆಂಪಾಗುವ ವೇಗ ಸುಮಾರು ನೂರು ಪಟ್ಟು ಏರುತ್ತದೆ! ಪಿಎಚ್ 7 ಇದ್ದಾಗ ಅರ್ಧದಷ್ಟು ಕಬ್ಬಿಣ ಬದಲಾಗಲು ಅರ್ಧ ತಾಸಿನ ಆಸುಪಾಸು ಬೇಕು. ಪಿಎಚ್ 6ಕ್ಕೆ ಇಳಿದರೆ ಅದೇ ಕೆಲಸಕ್ಕೆ ಎರಡು ದಿನ ಹಿಡಿಯಬಹುದು. ಬೋರಿನ ಪೈಪನ್ನು ನೇರ ಫಿಲ್ಟರಿಗೆ ಜೋಡಿಸಿದರೆ ನೀರು ಅದರೊಳಗೆ ಇರುವುದು ಒಂದೆರಡು ನಿಮಿಷ. ಅಷ್ಟರಲ್ಲಿ ಕಬ್ಬಿಣ ಕರಗಿದ್ದಂತೆಯೇ ದಾಟಿಹೋಗಿ, ಕೊಡದಲ್ಲಿ ಕೂತು ನಿಧಾನಕ್ಕೆ ಬಣ್ಣ ತೋರಿಸುತ್ತದೆ. ಯಂತ್ರ ಕೆಟ್ಟಿಲ್ಲ, ಕಬ್ಬಿಣಕ್ಕೆ ಹೊತ್ತು ಸಿಕ್ಕಿಲ್ಲ.

ಮದ್ದು ಮನೆಯಲ್ಲೇ ಇದೆ: ಸಂಪು. ಬೋರಿನ ಪೈಪನ್ನು ಸಂಪಿನ ನೀರಿನಲ್ಲಿ ಮುಳುಗಿಸದೆ, ಮೇಲಿನಿಂದ ತೂತಿನ ತಟ್ಟೆಯ ಮೂಲಕ ಮಳೆಯಂತೆ ಬೀಳಿಸಿ. ಗಾಳಿ ಒಳಗೆ ಹೋಗುವುದು ಎಲ್ಲರಿಗೂ ತೋಚುವ ಲಾಭ. 1 ಮಿಲಿಗ್ರಾಂ ಆಮ್ಲಜನಕ ಸುಮಾರು 7 ಮಿಲಿಗ್ರಾಂ ಕಬ್ಬಿಣಕ್ಕೆ ಸಾಕಾಗುವುದರಿಂದ ಅದೇನೂ ಕಷ್ಟವಲ್ಲ. ಯಾರಿಗೂ ತೋಚದ ಲಾಭವೆಂದರೆ ಇಂಗಾಲದ ಡೈಆಕ್ಸೈಡ್ ಹೊರಗೆ ಹಾರಿಹೋಗಿ ಪಿಎಚ್ ಮೇಲೇರುವುದು. ವೇಗ ಹೆಚ್ಚುವುದು ಹೆಚ್ಚಾಗಿ ಇದರಿಂದಲೇ. ರಾತ್ರಿಯಿಡೀ ತಂಗಿದ ನೀರನ್ನು ಬೆಳಿಗ್ಗೆ ಪಂಪಿನಿಂದ ಫಿಲ್ಟರಿಗೆ ಕೊಡಿ. ಸಂಪಿನ ತಳದ ಕೆಸರನ್ನು ಆಗಾಗ ಬಳಿಯುವ ಕೆಲಸ ಮಾತ್ರ ತಪ್ಪದು.

ಖರ್ಚು ಮಾಡುವ ಮೊದಲು ಎರಡು ಬಾಟಲಿ ಹಿಡಿದು ಬೋರಿನ ಬಾಯಿಗೆ ಹೋಗಿ. ಒಂದನ್ನು ಗಾಳಿಗೆ ಎಡೆಯಿಲ್ಲದಂತೆ ಕಂಠದವರೆಗೆ ತುಂಬಿ ಬಿರಡೆ ಹಾಕಿ. ಇನ್ನೊಂದನ್ನು ಅರ್ಧ ತುಂಬಿ ಚೆನ್ನಾಗಿ ಕುಲುಕಿ. ಮೊದಲನೆಯದು ತಿಳಿಯಾಗಿಯೇ ಉಳಿದು ಎರಡನೆಯದು ಕೆಂಪಾದರೆ ಮೇಲೆ ಹೇಳಿದ ಉಪಾಯ ನಿಮಗೆ. ಬೆಳಗಿನ ಮೊದಲ ನೀರು ಮಾತ್ರ ಕೆಂಪಗೆ ಬಂದು ಆಮೇಲೆ ತಿಳಿಯಾದರೆ ಪೈಪಿನ ತುಕ್ಕನ್ನು ಶಂಕಿಸಿ. ಫ್ಲಶ್ ಟ್ಯಾಂಕಿನ ಗೋಡೆಗೆ ಕಿತ್ತಳೆ ಬಣ್ಣದ ಲೋಳೆ ಹತ್ತಿದ್ದರೆ ಅದು ಕಬ್ಬಿಣದ ಬ್ಯಾಕ್ಟೀರಿಯಾ. ಬೋರಿಗೇ ಬ್ಲೀಚಿಂಗ್ ಪೌಡರಿನ ಚಿಕಿತ್ಸೆ ಬೇಕು. ಆಗ ಸಾಫ್ಟನರನ್ನು ಬೈಪಾಸ್ ಮಾಡಿ, ಕ್ಲೋರಿನ್ ಅದರೊಳಗಿನ, ಗಡಸುತನ ಹಿಡಿಯುವ ರಾಳವನ್ನು ತಿನ್ನುತ್ತದೆ. ಬ್ಲೀಚಿಂಗ್ ಪೌಡರನ್ನೂ ಆ್ಯಸಿಡನ್ನೂ ಎಂದಿಗೂ ಕೂಡಿಸಬೇಡಿ, ಏಳುವುದು ವಿಷಗಾಳಿ. ಇನ್ನು ಕಬ್ಬಿಣ ಇದೆಯೋ ಇಲ್ಲವೋ ಎಂಬುದಕ್ಕೆ ಚಹಾದ ಡಿಕಾಕ್ಷನ್ನೇ ಸಾಕು: ನೀರಿಗೆ ಹನಿಸಿದಾಗ ಕಪ್ಪು ನೇರಳೆ ಬಣ್ಣಕ್ಕೆ ತಿರುಗಿದರೆ ಇದೆ.

ಫಿಲ್ಟರ್ ಹಿಡಿದ ಕಣವನ್ನು ಹೊರಹಾಕಲು ಬ್ಯಾಕ್‌ವಾಷ್ ಬೇಕು: ನೀರು ಕೆಳಗಿನಿಂದ ನುಗ್ಗಿ ಮರಳನ್ನು ಎತ್ತಬೇಕು. 13 ಇಂಚಿನ ಸಿಲಿಂಡರಿಗೆ ನಿಮಿಷಕ್ಕೆ ಕನಿಷ್ಠ 35 ಲೀಟರ್. ಡ್ರೇನ್ ಪೈಪಿಗೆ 15 ಲೀಟರಿನ ಬಕೆಟ್ ಹಿಡಿಯಿರಿ. ಸುಮಾರು 25 ಸೆಕೆಂಡಿನೊಳಗೆ ತುಂಬದಿದ್ದರೆ ನೀವು ಮಾಡುತ್ತಿರುವುದು ಬ್ಯಾಕ್‌ವಾಷ್ ಅಲ್ಲ. ಮಾಳಿಗೆಯ ಮೇಲಿನ ಟ್ಯಾಂಕಿನಿಂದ ಇದು ಆಗುವುದು ಅಪರೂಪ. ನಾಲ್ಕು ಮೀಟರ್ ಎತ್ತರ ಕೊಡುವ ಒತ್ತಡ ಚದರ ಸೆಂಟಿಮೀಟರಿಗೆ ಬರೀ 0.4 ಕೆಜಿ.

ಸಾಫ್ಟನರ್ ತನ್ನ ರಾಳ ತೊಳೆಯುವ ಉಪ್ಪುನೀರನ್ನು ಎಳೆಯದಿರಲೂ ಇದೇ ಕಾರಣ, ಅದರ ಇಂಜೆಕ್ಟರಿಗೆ ಒಂದೂವರೆ ಎರಡು ಕೆಜಿ ಒತ್ತಡ ಬೇಕು. ಒತ್ತಡ ಸರಿಯಿದ್ದೂ ಉಪ್ಪು ಕರಗದಿದ್ದರೆ ಕೋಲಿನಿಂದ ಚುಚ್ಚಿ ನೋಡಿ. ಮಳೆಗಾಲದ ಥಂಡಿಗೆ ಉಪ್ಪು ಮೇಲೆ ಗಟ್ಟಿ ಹೊದಿಕೆ ಕಟ್ಟಿ ಕೆಳಗೆ ಪೊಳ್ಳಾಗಿರುತ್ತದೆ. ಪುಡಿ ಉಪ್ಪು ಬೇಡ, ಹರಳುಪ್ಪು ಹಾಕಿ. ಸಾಣಿಕಟ್ಟಾ ಉಪ್ಪು ಅಡುಗೆಗೆ ರುಚಿ, ಆದರೆ ಅದರ ಮಣ್ಣು ಇಂಜೆಕ್ಟರಿನ ಸಣ್ಣ ತೂತಿಗೆ ಶತ್ರು.

“ಸಾಫ್ಟನರ್ ಹಾಕಿದ ಮ್ಯಾಲೂ ಮೀಟರ್ ಅಷ್ಟ ತೋರಸ್ತೈತಿ” ಎಂಬ ತಕರಾರಿಗೆ ಉತ್ತರ: ಟಿಡಿಎಸ್ ಮೀಟರ್ ಅಷ್ಟೇ ತೋರಿಸಬೇಕು. ರಾಳ ಕ್ಯಾಲ್ಸಿಯಂ ಹಿಡಿದುಕೊಂಡು ಅದರ ಬದಲಿಗೆ ಸೋಡಿಯಂ ಬಿಡುತ್ತದೆ, ಲವಣ ಕಡಿಮೆಯಾಗುವುದಿಲ್ಲ. ಸವುಳು ನೀರು ಸವುಳಾಗಿಯೇ ಉಳಿಯುತ್ತದೆ. ಫ್ಲೋರೈಡ್, ನೈಟ್ರೇಟ್ ಕೂಡ ಹೋಗುವುದಿಲ್ಲ. ಸಾಫ್ಟನರನ್ನು ಗಡಸುತನದ ಹನಿ ಕಿಟ್‌ನಿಂದಲೇ ಪರೀಕ್ಷಿಸಬೇಕು: ಕೆಂಪು ಬಣ್ಣ ನೀಲಿಯಾಗುವವರೆಗೆ ಹನಿ ಎಣಿಸಿ. 25 ಲೀಟರ್ ರಾಳ, 500 ಗಡಸುತನ ಎಂದರೆ ಸುಮಾರು 2,500 ಲೀಟರಿಗೊಮ್ಮೆ ಮೂರ್ನಾಲ್ಕು ಕೆಜಿ ಉಪ್ಪು ಕೇಳುತ್ತದೆ. ಆ ನೀರನ್ನು ಪೂರ್ತಿ ಮೃದುಗೊಳಿಸಿದರೆ ಲೀಟರಿಗೆ 230 ಮಿಲಿಗ್ರಾಂ ಸೋಡಿಯಂ ಸೇರುತ್ತದೆ, ಬಿ.ಪಿ. ಇದ್ದವರ ಮನೆಯಲ್ಲಿ ಕುಡಿಯುವ ನಳ ಬೇರೆ ಇರಲಿ. ಸಾಫ್ಟನರ್ ಯಾವಾಗಲೂ ಕಬ್ಬಿಣದ ಫಿಲ್ಟರಿನ ನಂತರ ಬರಬೇಕು, ಇಲ್ಲವಾದರೆ ರಾಳಕ್ಕೆ ಕಬ್ಬಿಣ ಮೆತ್ತಿಕೊಂಡು ಉಪ್ಪಿಗೂ ಜಗ್ಗುವುದಿಲ್ಲ. ಆಗ ಸಿಟ್ರಿಕ್ ಆಮ್ಲದ ದ್ರಾವಣದಲ್ಲಿ ನೆನೆಸಿ ತೊಳೆಯಬೇಕಾಗುತ್ತದೆ.

ರಾಳ ಮಾಡುವ ಈ ಅದಲುಬದಲನ್ನು ಮನುಷ್ಯ ಮೊದಲು ಕಂಡದ್ದು ಯಂತ್ರದಲ್ಲಲ್ಲ, ಹೊಲದ ಮಣ್ಣಿನಲ್ಲಿ. 1850ರಲ್ಲಿ ಇಂಗ್ಲೆಂಡಿನ ಥಾಂಪ್ಸನ್ ಮತ್ತು ವೇ, ಗೊಬ್ಬರದ ಅಮೋನಿಯಾವನ್ನು ಮಣ್ಣು ಹಿಡಿದುಕೊಂಡು ಬದಲಿಗೆ ಕ್ಯಾಲ್ಸಿಯಂ ಬಿಡುವುದನ್ನು ವರದಿ ಮಾಡಿದರು. ಆದ್ದರಿಂದಲೇ ಸಾಫ್ಟನರಿನ ಉಪ್ಪುನೀರನ್ನು ಸವಣೂರಿನ ಎಲೆಬಳ್ಳಿ ತೋಟಕ್ಕೆ ಬಿಡಬಾರದು. ಎರೆಮಣ್ಣು ಸೋಡಿಯಂ ಹಿಡಿದುಕೊಂಡು, ಕ್ಯಾಲ್ಸಿಯಂ ಕಳೆದುಕೊಂಡು, ನೀರಿಳಿಯದಂತೆ ಬಿಗಿದುಕೊಳ್ಳುತ್ತದೆ.

ಓದುಗರಲ್ಲಿ ಒಂದು ಬೇಡಿಕೆ ಇದೆ. ಒಂದೇ ಓಣಿಯ ಎರಡು ಬೋರುಗಳ ನೀರು ಬೇರೆ ಬೇರೆ ಇರುತ್ತದೆ. ಒಂದೇ ಬೋರಿನ ನೀರು ಬೇಸಿಗೆಗೂ ಮಳೆಗಾಲಕ್ಕೂ ಬದಲಾಗುತ್ತದೆ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದುವ ಮಕ್ಕಳು ತಮ್ಮ ಓಣಿಯ ಬೋರುಗಳಿಗೆ ಒಂದು ದಪ್ಪ ವಹಿ ಇಡಲಿ: ತಾರೀಖು, ಬೋರಿನ ಆಳ, ಪಿಎಚ್, ಗಡಸುತನದ ಹನಿ, ಕುಲುಕಿದ ಬಾಟಲಿ ಕೆಂಪಾಗಲು ಹಿಡಿದ ನಿಮಿಷ. ಮೇ ತಿಂಗಳಲ್ಲಿ ಒಮ್ಮೆ, ಅಕ್ಟೋಬರಿನಲ್ಲಿ ಒಮ್ಮೆ. ಫಿಲ್ಟರ್ ಕೊಳ್ಳುವವರು ಅಂಗಡಿಗೆ ಹೋಗುವ ಮೊದಲು ಆ ವಹಿ ಕೇಳಿಕೊಂಡು ಬರಲಿ.