ರಕ್ತಕಣಗಳ ಎಣಿಕೆಯೂ ಗರಣೆಯ ಭಯವೂ

ಗಾಯದ ಬಾಯಿಯಲ್ಲಿ ರಕ್ತವು ಹೆಪ್ಪುಗಟ್ಟುವುದು ನಮಗೆ ಹಿತಕರ. ಗಾಯವೇ ಇಲ್ಲದೆ ನಾಳದೊಳಗೆ ಗರಣೆ ಕಟ್ಟಿತೆಂದರೆ ಅದು ಪಾರ್ಶ್ವವಾಯುವಿಗೋ ಹೃದಯಾಘಾತಕ್ಕೋ ಎಡೆಗೊಡಬಲ್ಲದು. ಪಾಲಿಸೈಥೀಮಿಯಾ ವೀರಾ ಎಂಬ ನಿಧಾನಗತಿಯ ರಕ್ತದ ಕ್ಯಾನ್ಸರಿನಲ್ಲಿ ರೋಗಿಯನ್ನು ಬಹುವಾಗಿ ಕಾಡುವುದು ಈ ಗರಣೆಯೇ. 1892ರಲ್ಲಿ ಫ್ರಾನ್ಸಿನ ವೈದ್ಯನಾದ ವಾಕೆಜ್ ಈ ರೋಗವನ್ನು ಮೊದಲು ವರ್ಣಿಸಿದನು. ಇದರಲ್ಲಿ ಅಸ್ಥಿಮಜ್ಜೆಯು ಅಂಕೆಯಿಲ್ಲದೆ ರಕ್ತಕಣಗಳನ್ನು, ಅದರಲ್ಲಿಯೂ ಕೆಂಪು ಕಣಗಳನ್ನು, ಉತ್ಪಾದಿಸುತ್ತದೆ. ಬಹುಮಂದಿ ರೋಗಿಗಳಲ್ಲಿ ಜೇಕ್-2 ಎಂಬ ಜೀನಿನ ಒಂದು ವ್ಯತ್ಯಾಸವೇ ಇದಕ್ಕೆ ಮೂಲವೆಂದು 2005ರಲ್ಲಿ ತಿಳಿದುಬಂದಿತು.

ಯಾವ ರೋಗಿಗೆ ಅಪಾಯ ಹೆಚ್ಚು? ಅರವತ್ತು ವರ್ಷ ದಾಟಿದವರಿಗೆ ಮತ್ತು ಹಿಂದೊಮ್ಮೆ ಗರಣೆ ಕಟ್ಟಿದವರಿಗೆ ಎಂಬುದು ವೈದ್ಯರ ಸೂತ್ರ. ಆದರೆ ಸಾಮಾನ್ಯ ರಕ್ತಪರೀಕ್ಷೆಯ ವರದಿಯೂ ಕೆಲವು ಸುಳಿವುಗಳನ್ನು ಕೊಡುತ್ತದೆ.

ವಾಚಕರು ಒಡನೆಯೇ ಪ್ಲೇಟ್‌ಲೆಟ್ ಎಂಬ ಕಿರುಬಿಲ್ಲೆಗಳತ್ತ ಬೆರಳು ತೋರಿಸಿಯಾರು. ಹೆಪ್ಪುಗಟ್ಟಿಸುವುದೇ ಅವುಗಳ ಕಸುಬಲ್ಲವೆ? ವಿಚಿತ್ರವೆಂದರೆ, ಅವುಗಳ ಸಂಖ್ಯೆಗೂ ಗರಣೆಗೂ ನಂಬತಕ್ಕ ನಂಟೇನೂ ಕಂಡುಬಂದಿಲ್ಲ. ಸಂಖ್ಯೆಯು ಘನ ಮಿಲಿಮೀಟರಿಗೆ ಹತ್ತು ಲಕ್ಷವನ್ನು ಮೀರಿದಾಗ ರಕ್ತಸ್ರಾವದ ಭಯವೇ ತಲೆದೋರುವುದುಂಟು! ಹೆಪ್ಪಿಗೆ ಬೇಕಾದ ಫಾನ್ ವಿಲ್ಲೆಬ್ರಾಂಡ್ ಎಂಬ ಪ್ರೋಟೀನು ಆಗ ಬರಿದಾಗತೊಡಗುತ್ತದೆ.

ಕೆಂಪು ಕಣಗಳ ಮಾತೇ ಬೇರೆ. ರಕ್ತವನ್ನು ಕಿರಿದಾದ ಗಾಜಿನ ಕೊಳವೆಯಲ್ಲಿಟ್ಟು ಅತಿವೇಗದಿಂದ ತಿರುಗಿಸಿದರೆ ಅವು ತಳಕ್ಕಿಳಿಯುತ್ತವೆ. ಒಟ್ಟು ರಕ್ತದಲ್ಲಿ ಅವುಗಳ ಪಾಲೆಷ್ಟೋ ಅದೇ ಹೆಮಟೋಕ್ರಿಟ್. ಇಂದು ಯಂತ್ರಗಳೇ ಇದನ್ನು ಲೆಕ್ಕಹಾಕುತ್ತವೆ. ಭೌತವಿಜ್ಞಾನವನ್ನು ಬೋಧಿಸುವ ನಮಗೆ ಇಲ್ಲಿ ರಾಗಿಹಿಟ್ಟಿನ ನೆನಪಾಗುತ್ತದೆ. ಅಂಬಲಿಗೆ ಒಂದು ಹಿಡಿ ಹಿಟ್ಟು ಹೆಚ್ಚಾದರೆ ಅಷ್ಟೇನೂ ತಿಳಿಯದು. ಮುದ್ದೆಯ ಹದಕ್ಕೆ ಬಂದಾಗ ಅದೇ ಒಂದು ಹಿಡಿಗೆ ಕೋಲು ಆಡುವುದೇ ಕಷ್ಟ. ರಕ್ತದ ಸ್ನಿಗ್ಧತೆಯೂ ಹೀಗೆಯೇ, ಹೆಮಟೋಕ್ರಿಟ್ ಏರಿದಂತೆಲ್ಲ ಕಡಿದಾಗಿ ಏರುತ್ತದೆ. ಮೇಲಾಗಿ ಹರಿಯುವ ರಕ್ತದಲ್ಲಿ ಕೆಂಪು ಕಣಗಳು ನಾಳದ ನಡುಭಾಗವನ್ನು ಹಿಡಿದುಕೊಂಡು ಕಿರುಬಿಲ್ಲೆಗಳನ್ನು ಗೋಡೆಯ ಕಡೆಗೆ ನೂಕುತ್ತವೆ.

ಇಟಲಿಯಲ್ಲಿ 365 ರೋಗಿಗಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಪ್ರಯೋಗವೊಂದು ಈ ಸಂಗತಿಯನ್ನು ಒರೆಗೆ ಹಚ್ಚಿತು. ಒಂದು ಗುಂಪಿನವರ ಹೆಮಟೋಕ್ರಿಟ್ಟನ್ನು ಶೇಕಡ 45ಕ್ಕಿಂತ ಕೆಳಗೆ, ಇನ್ನೊಂದರದನ್ನು 45ರಿಂದ 50ರೊಳಗೆ ಇರಿಸಲು ವೈದ್ಯರು ಯತ್ನಿಸಿದರು. ಹೃದಯ ರಕ್ತನಾಳಗಳ ಕಾರಣದಿಂದ ಸತ್ತವರು ಅಥವಾ ದೊಡ್ಡ ಗರಣೆಗೆ ತುತ್ತಾದವರು ಮೊದಲ ಗುಂಪಿನ 182 ಮಂದಿಯಲ್ಲಿ 5. ಎರಡನೆಯದರ 183 ಮಂದಿಯಲ್ಲಿ 18. ಐದು ಅಂಶಗಳ ಅಂತರಕ್ಕೆ ಇಷ್ಟು ಬೆಲೆ!

ಅದೇ ದಾಖಲೆಗಳನ್ನು ಮತ್ತೆ ಪರಿಶೀಲಿಸಿದಾಗ, ಬಿಳಿ ಕಣಗಳು ಘನ ಮಿಲಿಮೀಟರಿಗೆ 11 ಸಾವಿರವನ್ನು ಮುಟ್ಟಿದವರಲ್ಲಿಯೂ ಅಪಾಯವು ಅಧಿಕವೆಂದು ಕಂಡಿತು. ಬಿಳಿ ಕಣಗಳಲ್ಲಿ ನ್ಯೂಟ್ರೊಫಿಲ್ ಎಂಬ ಜಾತಿಯು ತನ್ನ ಡಿ.ಎನ್.ಎ. ಎಳೆಗಳನ್ನೇ ಬಲೆಯಂತೆ ಹೊರಗೆ ಬೀಸುವುದುಂಟು. ಗರಣೆಗೆ ಅದು ಹಂದರವಾಗುತ್ತದೆ. ನ್ಯೂಟ್ರೊಫಿಲ್ಲುಗಳು ಲಿಂಫೊಸೈಟುಗಳ ಐದು ಪಟ್ಟನ್ನು ಮುಟ್ಟಿದರೆ ಅಭಿಧಮನಿಗಳಲ್ಲಿ ಗರಣೆಯ ಸಂಭವ ಹೆಚ್ಚೆಂದು 2022ರ ಅಧ್ಯಯನವೊಂದು ಸೂಚಿಸಿದೆ. ಈ ಭಾಗಾಕಾರಕ್ಕೆ ಹೊಸ ಪರೀಕ್ಷೆಯೂ ಬೇಡ, ಹೊಸ ವೆಚ್ಚವೂ ಇಲ್ಲ. ಎರಡು ಅಂಕಿಗಳೂ ವರದಿಯಲ್ಲಿಯೇ ಇರುತ್ತವೆ.

ಚಿಕಿತ್ಸೆಯಾದರೋ ಬಹಳ ಹಳೆಯದು. ದಾನಿಯಿಂದ ಪಡೆಯುವಂತೆ ಆಗಾಗ ರಕ್ತವನ್ನು ಹೊರತೆಗೆದು ಹೆಮಟೋಕ್ರಿಟ್ಟನ್ನು 45ರ ಕೆಳಗಿಡುತ್ತಾರೆ. ಅಲ್ಪಪ್ರಮಾಣದ ಆಸ್ಪಿರಿನ್ನನ್ನೂ ಕೊಡುತ್ತಾರೆ. ಅಪಾಯ ಹೆಚ್ಚಿದ್ದವರಿಗೆ ಮಜ್ಜೆಯನ್ನು ಹತೋಟಿಗೆ ತರುವ ಔಷಧಗಳೂ ಉಂಟು. ಆದರೆ ಬಿಳಿ ಕಣಗಳನ್ನು ಇಳಿಸಿದ ಮಾತ್ರಕ್ಕೆ ಗರಣೆಯೂ ತಪ್ಪುವುದೆಂದು ಸಾಧಿಸಬೇಕಾದರೆ ಇಟಲಿಯದರಂಥ ಪ್ರಯೋಗವೇ ಬೇಕಾಗುತ್ತದೆ.